ಪಿಲ್ಲರ್ ಬೆವರ್ತಾ ಐತೆ ಅಂತ ಮೇಸ್ತ್ರಿ ಹೇಳಿದ್ರು

ಡಿಸೆಂಬರ್ ಕೊನೇಲಿ ಚಿಕ್ಕಬಳ್ಳಾಪುರದಲ್ಲಿ ಬೆಳಿಗ್ಗೆ ಏಳಕ್ಕೆ ನಂದಿ ಬೆಟ್ಟದ ಕಡೆ ತಿರುಗಿದ್ರೆ ಬೆಟ್ಟಾನೇ ಕಾಣಲ್ಲ, ಬರೀ ಮಂಜು. ಅಂಥ ಒಂದು ಬೆಳಿಗ್ಗೆ ನಾನು ಪಿಲ್ಲರ್‌ಗೆ ಕಾರ್ಬನ್ ಫೈಬರ್ ಬಟ್ಟೆನ ರೆಸಿನ್ ಅನ್ನೋ ಅಂಟು ಹಚ್ಚಿ ಸುತ್ತಿಸೋಕೆ ನಿಂತಿದ್ದೆ.

ಕೆಳಗೆ ಅಂಗಡಿ, ಮೇಲೆ ಮನೆ ಇರೋ ಬಿಲ್ಡಿಂಗ್. ಇನ್ನೊಂದು ಫ್ಲೋರ್ ಏರಿಸ್ಬೇಕು ಅಂತ ಪಿಲ್ಲರ್ ಕೊರೆದು ಕಾಂಕ್ರೀಟ್ ತುಂಡು (ಕೋರ್) ತೆಗೆಸಿ ನೋಡಿದ್ರೆ ನಾಲ್ಕು ಪಿಲ್ಲರ್‌ನಲ್ಲಿ ಕಾಂಕ್ರೀಟ್ ವೀಕ್. ಸುತ್ತ ಕಂಬಿ ಕಟ್ಟಿ ಕಾಂಕ್ರೀಟ್ ಜ್ಯಾಕೆಟ್ ಹಾಕಿದ್ರೆ ಒಂದೊಂದು ಕಡೆ ನಾಲ್ಕಿಂಚು ದಪ್ಪ ಆಗುತ್ತೆ, ಅಂಗಡಿ ಶಟರ್ ಕೂರಲ್ಲ, ಅದಕ್ಕೇ ಫೈಬರ್. ಭಾರ ಬಿದ್ದಾಗ ಕಾಂಕ್ರೀಟ್ ಅಡ್ಡಡ್ಡ ಉಬ್ಬೋಕೆ ನೋಡುತ್ತೆ, ಬಟ್ಟೆ ಸುತ್ತ ಬಿಗಿಯಾಗಿ ಹಿಡಿದು ಉಬ್ಬೋಕೆ ಬಿಡಲ್ಲ, ಅದ್ರಿಂದಾನೇ ಪಿಲ್ಲರ್‌ಗೆ ಬಲ ಬರೋದು. ಗಾರೆ ಕೆತ್ತಿಸಿ, ಚೂಪು ಮೂಲೆಯಲ್ಲಿ ಫೈಬರ್ ತುಂಡಾಗಬಾರದು ಅಂತ ಗ್ರೈಂಡರ್‌ನಲ್ಲಿ 25 ಎಂಎಂ ದುಂಡು ಮಾಡಿಸಿ, ಧೂಳು ಊದಿಸಿ, ಎಲ್ಲಾ ಸರಿಯಾಗೇ ಮಾಡಿದ್ವಿ.

ಸುತ್ತೋ ದಿನ ಬೆಳಿಗ್ಗೆ ನಮ್ಮ ಮೇಸ್ತ್ರಿ ಹೊರಗಡೆ ಪಿಲ್ಲರ್ ಮೇಲೆ ಅಂಗೈ ಇಟ್ಟು, "ಸಾರ್, ಪಿಲ್ಲರ್ ಬೆವರ್ತಾ ಐತೆ, ಬಿಸ್ಲು ಬರ್ಲಿ" ಅಂದ್ರು. ಸಂಕ್ರಾಂತಿ ಒಳಗೆ ಮುಗಿಸ್ಬೇಕು ಅಂತ ಓನರ್ ದಿನಾ ಫೋನ್ ಮಾಡ್ತಿದ್ರು, ನಾನು "ಒಣ ಬಟ್ಟೆಯಲ್ಲಿ ಒರೆಸಿ ಅಂಟು ಹಚ್ಚಿ" ಅಂದ್ಬಿಟ್ಟೆ. ಅದು ನನ್ನ ತಪ್ಪು.

ಮರುದಿನ ನಾಣ್ಯದಿಂದ ತಟ್ಟಿ ನೋಡಿದ್ರೆ ಒಳಗಿನ ಎರಡು ಪಿಲ್ಲರ್ ಟಣ್ ಟಣ್ ಅಂತು. ಹೊರಗಿನ ಎರಡರಲ್ಲಿ ಅಂಗೈ ಅಗಲ ಅಗಲ ಜಾಗದಲ್ಲಿ ಡಬ್ ಡಬ್, ಟೊಳ್ಳು, ಮೇಲೆಲ್ಲಾ ಬಿಳೀ ಜಿಡ್ಡು. ತೇವದ ಮೇಲೆ ಹಚ್ಚಿದ್ರೆ ಪ್ರೈಮರ್, ಅಂದ್ರೆ ಅಂಟಿನ ಮೊದಲ ಕೋಟ್, ಕಾಂಕ್ರೀಟ್ ಒಳಗೆ ಇಳಿಯಲ್ಲ, ರೆಸಿನ್ ಗಟ್ಟಿಯಾಗೋಕೆ ಕಲಸೋ ಹಾರ್ಡನರ್ ಗಾಳಿಯಲ್ಲಿರೋ ತೇವ ಹಿಡಿದು ಜಿಡ್ಡು ಕಟ್ಟುತ್ತೆ. ಆವತ್ತೇ ಬಿಸಿ, ತೇವಾಂಶ ಅಳೆಯೋ ಮೀಟರ್ ತರಿಸಿ ಮಾರನೇ ದಿನ ಅದೇ ಹೊತ್ತಿಗೆ ಅಳೆದೆ: ಗಾಳಿ 16 ಡಿಗ್ರಿ, ತೇವಾಂಶ 90 ಪರ್ಸೆಂಟ್, ಅಂದ್ರೆ ಇಬ್ಬನಿ ಕಟ್ಟೋ ಡ್ಯೂ ಪಾಯಿಂಟ್ 14ರ ಮೇಲೆ, ಪಿಲ್ಲರ್ ಮೈ 15. ಪಿಲ್ಲರ್ ಮೈ ಡ್ಯೂ ಪಾಯಿಂಟ್‌ಗಿಂತ ಕನಿಷ್ಠ 3 ಡಿಗ್ರಿ ಜಾಸ್ತಿ ಇರ್ಬೇಕು, ನಮಗೆ ಒಂದು ಡಿಗ್ರಿನೂ ಇರ್ಲಿಲ್ಲ. ಒರೆಸಿದ್ರೂ ತೇವ ಮತ್ತೆ ಕೂರುತ್ತೆ.

"ಸುತ್ತ ಬಿಗಿದಿದೀರಲ್ಲ, ಅಂಟದಿದ್ರೆ ಏನಾಯ್ತು" ಅಂತ ಓನರ್ ಕೇಳಿದ್ರು. ನ್ಯಾಯವಾದ ಪ್ರಶ್ನೆನೇ. ಪಿಲ್ಲರ್ ಸುತ್ತೋದ್ರಲ್ಲಿ ಅಂಟಿಗಿಂತ ಮುಖ್ಯ ಬಟ್ಟೆ ಮೈಗೆ ತಾಗಿರೋದು, ಟೊಳ್ಳಿದ್ದ ಕಡೆ ಕಾಂಕ್ರೀಟ್ ಮೊದ್ಲು ಉಬ್ಬಿ ಬಟ್ಟೆ ಮುಟ್ಟಬೇಕು, ಅಷ್ಟೊತ್ತಿಗೆ ಬಿರುಕು ಬಿಟ್ಟಿರುತ್ತೆ. ಒಂದೆರಡು ಸಣ್ಣ ಟೊಳ್ಳಾಗಿದ್ರೆ ಸಿರಿಂಜ್‌ನಲ್ಲಿ ರೆಸಿನ್ ತುಂಬಿಸ್ತಿದ್ದೆ. ಇಷ್ಟೊಂದಕ್ಕೆ ಆಗಲ್ಲ. ಎರಡು ಪಿಲ್ಲರ್ ಬಟ್ಟೆನೂ ಕಿತ್ತು ಬರೀ ಕಾಂಕ್ರೀಟ್ ಕಾಣೋವರೆಗೂ ಉಜ್ಜಿಸಿದ್ವಿ, ಖರ್ಚು ನಮ್ದೇ.

ಎರಡನೇ ಸಲ ಹನ್ನೊಂದಕ್ಕೆ, ಪಿಲ್ಲರ್ ಮೈ 21 ಡಿಗ್ರಿ ತೋರಿಸಿದ ಮೇಲೆ ಶುರು ಮಾಡಿದ್ವಿ. ಬಿಸಿಲೇರಿದ್ರೆ ರೆಸಿನ್ ಬಕೆಟ್‌ನಲ್ಲೇ ಬಿಸಿಯಾಗಿ ಗಟ್ಟಿ ಆಗ್ಬಿಡುತ್ತೆ, ಅದಕ್ಕೆ ಸ್ವಲ್ಪ ಸ್ವಲ್ಪವೇ ಕಲಸಿದ್ವಿ. ಪಕ್ಕದಲ್ಲಿ ಹಚ್ಚಿದ್ದ ಸ್ಯಾಂಪಲ್ ಪ್ಯಾಚ್ ಮೇಲೆ ಪುಲ್ ಟೆಸ್ಟ್ ಮಾಡಿ ಎಳೆದು ನೋಡಿದಾಗ ಅಂಟು ಬಿಡ್ಲಿಲ್ಲ, ಕಾಂಕ್ರೀಟ್ ಚೂರೇ ಕಿತ್ಕೊಂಡು ಬಂತು. ಈಗ ಯಾವ ಸೈಟ್ ಆದ್ರೂ ಮೊದ್ಲು ಮೇಸ್ತ್ರಿ ಅಂಗೈ ಇಟ್ಟು ನೋಡ್ತಾರೆ, ಆಮೇಲೆ ನಾನು ಮೀಟರ್ ಇಡ್ತೀನಿ.