ಅಕ್ಟೋಬರ್ 2ರ ಸಹಿ

ಬ್ಯಾಂಕಿನವರಿಗೆ ಒಂದು ಚಾಳಿ ಇರುತ್ತದೆ. ಯಾರು ಯಾವ ಕಾಗದ ಕೊಟ್ಟರೂ ಮೊದಲು ಕಣ್ಣು ಹೋಗುವುದು ತಾರೀಕಿಗೆ, ಆಮೇಲೆ ಸಹಿಗೆ. ಮಂಡ್ಯದ ಒಂದು ಸಹಕಾರಿ ಬ್ಯಾಂಕಿನಲ್ಲಿ 29 ವರ್ಷ ಕೌಂಟರಿನ ಹಿಂದೆ ಕೂತು ಹೋದ ವರ್ಷ ನಿವೃತ್ತಳಾದೆ. ಚಾಳಿ ಮಾತ್ರ ನಿವೃತ್ತಿ ಆಗಿಲ್ಲ.

ಮಗಳು ಮೈಸೂರಿನಲ್ಲಿದ್ದಾಳೆ. ಹೋದ ತಿಂಗಳು ಅವಳ ಮನೆಗೆ ಹೋದಾಗ, ಕಲಾಮಂದಿರದ ಆವರಣದಲ್ಲಿರುವ ಕಿರುರಂಗಮಂದಿರಕ್ಕೆ ನಾಟಕ ನೋಡಲು ಕರೆದುಕೊಂಡು ಹೋದಳು. ನಾರ್ವೆಯ ನಾಟಕಕಾರ ಇಬ್ಸೆನ್ನನ ‘ಗೊಂಬೆಮನೆ’. ಆಡಿದವರು ಕಾಲೇಜು ಮುಗಿಸಿದ ಹುಡುಗ ಹುಡುಗಿಯರು. ಹೆಸರು ಕೇಳಿದ ಕೂಡಲೇ ನನಗೆ ದಸರಾ ಗೊಂಬೆ ನೆನಪಾಯಿತು. ಮಗಳು "ಅಮ್ಮಾ, ದಯವಿಟ್ಟು ಆ ಜೋಕ್ ಮಾಡಬೇಡ" ಅಂದಳು. ಸುಮ್ಮನಾದೆ.

ನಾಟಕದ ಬಗ್ಗೆ ಎಲ್ಲರೂ ಹೇಳುವುದು ಕೊನೆಯ ಬಾಗಿಲಿನ ಕಥೆ. ನಾಯಕಿ ನೋರಾ ತನ್ನ ಗಂಡ, ಮೂರು ಮಕ್ಕಳು, ಮನೆ ಎಲ್ಲವನ್ನೂ ಬಿಟ್ಟು ಹೊರಡುತ್ತಾಳೆ, ಹಿಂದೆ ಬಾಗಿಲು ದಬ್ಬೆಂದು ಮುಚ್ಚಿಕೊಳ್ಳುತ್ತದೆ. 1879ರ ಡಿಸೆಂಬರಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಮೊದಲ ಬಾರಿ ಆಡಿದಾಗಿನಿಂದ ಆ ಸದ್ದಿನ ಮೇಲೆ ಜಗಳ ನಡೆಯುತ್ತಲೇ ಇದೆಯಂತೆ. ಮರುವರ್ಷ ಜರ್ಮನಿಯ ಒಬ್ಬ ನಟಿ, ನಾನಾಗಿದ್ದರೆ ಮಕ್ಕಳನ್ನು ಬಿಟ್ಟು ಹೋಗುತ್ತಿರಲಿಲ್ಲ, ಆ ಕೊನೆ ಆಡುವುದಿಲ್ಲ ಎಂದು ಹಟ ಹಿಡಿದಳು. ಬೇರೆಯವರು ತಿದ್ದಿ ಕೆಡಿಸುವುದಕ್ಕಿಂತ ತಾನೇ ಬರೆಯುವುದು ವಾಸಿ ಎಂದು ಇಬ್ಸೆನ್ ಇನ್ನೊಂದು ಕೊನೆ ಬರೆದುಕೊಟ್ಟ. ಅದರಲ್ಲಿ ಗಂಡ ಅವಳನ್ನು ಮಲಗಿದ ಮಕ್ಕಳ ಕೋಣೆಯ ಬಾಗಿಲಿಗೆ ಎಳೆದು ತರುತ್ತಾನೆ, ಅವಳು ಅಲ್ಲೇ ಕುಸಿಯುತ್ತಾಳೆ. ಬರೆದುಕೊಟ್ಟವನಿಗೇ ಅದು ಅನಾಗರಿಕ ಕೆಲಸ ಅನ್ನಿಸಿತ್ತು.

ಆದರೆ ನನ್ನ ಕಣ್ಣು ಬಾಗಿಲ ಮೇಲಿರಲಿಲ್ಲ. ಮೊದಲ ಅಂಕದಲ್ಲೇ ಒಂದು ಕಾಗದ ಬರುತ್ತದೆ, ನಾನು ಅಲ್ಲೇ ಸಿಕ್ಕಿಕೊಂಡೆ.

ಗಂಡ ಹೆಲ್ಮರ್‌ಗೆ ಹಿಂದೊಮ್ಮೆ ಪ್ರಾಣ ಹೋಗುವಂಥ ಕಾಯಿಲೆ. ಬೆಚ್ಚಗಿನ ಊರಿಗೆ ಕರೆದುಕೊಂಡು ಹೋಗಿ ಅಂತ ಡಾಕ್ಟರು ಹೇಳಿದ್ದರು. ಇಟಲಿಗೆ ಹೋಗಲು ನೋರಾ ಗಂಡನಿಗೆ ಗೊತ್ತಾಗದಂತೆ 4,800 ಕ್ರೋನರ್ ಸಾಲ ಎತ್ತುತ್ತಾಳೆ. ಆಗ ನಾರ್ವೆಯಲ್ಲಿ ಗಂಡನ ಒಪ್ಪಿಗೆ ಇಲ್ಲದೆ ಹೆಂಡತಿ ಸಾಲ ತೆಗೆಯುವ ಹಾಗಿರಲಿಲ್ಲ. ಜಾಮೀನಿಗೆ ಅಪ್ಪನ ಸಹಿ ಬೇಕು. ಅಪ್ಪ ಹಾಸಿಗೆ ಹಿಡಿದಿದ್ದಾನೆ, ಇವಳು ಅವನ ಸಹಿಯನ್ನು ತಾನೇ ಹಾಕಿಬಿಡುತ್ತಾಳೆ. ಸಾಲ ಕೊಟ್ಟ ಕ್ರೋಗ್‌ಸ್ಟಾಡ್ ಆ ಪತ್ರದ ಮಾತು ತೆಗೆಯುತ್ತಾನೆ. ನಿಮ್ಮ ತಂದೆ ತೀರಿಕೊಂಡಿದ್ದು ಸೆಪ್ಟೆಂಬರ್ 29ಕ್ಕೆ. ಸಹಿ ಕೆಳಗಿನ ತಾರೀಕು ಅಕ್ಟೋಬರ್ 2. ಇದು ಹೇಗೆ?

ನನಗೆ ಕೂತಲ್ಲೇ ಕೈ ಬೆವರಿತು. ಅಕ್ಟೋಬರ್ 2 ಅಂದರೆ ನಮಗೆ ಗಾಂಧಿ ಜಯಂತಿ, ರಜೆ. ಆ ತಾರೀಕು ಹಾಕಿದ ಅರ್ಜಿ ಬಂದರೆ ಸಾಕು, ನನ್ನ ಕೈ ನಿಲ್ಲುತ್ತಿತ್ತು. ಅದೂ ಅಲ್ಲದೆ, ಹೆಲ್ಮರ್ ಹೊಸದಾಗಿ ಬ್ಯಾಂಕ್ ಮ್ಯಾನೇಜರ್ ಆದವನು, ಕ್ರೋಗ್‌ಸ್ಟಾಡ್ ಅದೇ ಬ್ಯಾಂಕಿನ ನೌಕರ. ಎಲ್ಲರೂ ನಮ್ಮವರೇ! ಆ ಮನೆಯಲ್ಲಿ ಟಪಾಲು ಡಬ್ಬಿಯ ಬೀಗದ ಕೈ ಕೂಡ ಮ್ಯಾನೇಜರ್ ಹತ್ತಿರವೇ.

ನೋರಾಗಳು ನನ್ನ ಕೌಂಟರಿಗೂ ಬರುತ್ತಿದ್ದರು. ಒಡವೆ ಸಾಲಕ್ಕೆ. ಸೆರಗಿನ ಗಂಟು ಬಿಚ್ಚಿ ಒಂದು ಜೊತೆ ಬಳೆ ಇಟ್ಟು, "ನೋಟೀಸು ಗೀಟೀಸು ಮನೆಗೆ ಕಳಿಸ್ಬೇಡಿ ಕಣ್ ಮೇಡಂ, ನಾನೇ ಬಂದ್ ಕಟ್ತೀನಿ" ಅನ್ನುತ್ತಿದ್ದರು. ಸಾಲ ಯಾತಕ್ಕೆ ಅಂದರೆ ಗಂಡನ ಆಪರೇಷನ್‌ಗೆ, ಗಂಡನ ಬೋರ್‌ವೆಲ್‌ಗೆ, ಗಂಡ ಮಾಡಿದ ಇನ್ನೊಂದು ಸಾಲಕ್ಕೆ. ನೂರು, ಇನ್ನೂರು ಎಂದು ಪುಡಿ ನೋಟು ತಂದು ಬಡ್ಡಿ ಕಟ್ಟುತ್ತಿದ್ದರು. ನೋರಾ ಕೂಡ ಹಾಗೇ. ಬಟ್ಟೆಗೆ ಕೊಟ್ಟ ದುಡ್ಡಿನಲ್ಲಿ ಉಳಿಸಿ, ರಾತ್ರಿ ಕೋಣೆ ಬಾಗಿಲು ಹಾಕಿಕೊಂಡು ನಕಲು ಬರೆಯುವ ಕೆಲಸ ಮಾಡಿ ಕಂತು ಕಟ್ಟಿದವಳು. ಹಾಗೆ ದುಡಿಯುವಾಗ ತಾನೂ ಒಬ್ಬ ಗಂಡಸು ಅನ್ನಿಸುತ್ತಿತ್ತು ಅಂತ ಗೆಳತಿ ಹತ್ತಿರ ಹೇಳಿಕೊಳ್ಳುತ್ತಾಳೆ. ಮುಂದಿನ ಸಾಲಿನ ಹುಡುಗರು ಅದಕ್ಕೆ ನಕ್ಕರು. ನನಗೆ ನಗು ಬರಲಿಲ್ಲ.

ಈ ಕಥೆಯ ಹಿಂದೆ ನಿಜವಾದ ಹೆಂಗಸೊಬ್ಬಳು ಇದ್ದಳಂತೆ, ಲೌರಾ ಕೀಲರ್ ಎಂಬ ಲೇಖಕಿ. ಗಂಡನ ಕ್ಷಯಕ್ಕೆ ಅವಳೂ ಗುಟ್ಟಾಗಿ ಸಾಲ ಮಾಡಿದ್ದಳು. ಗೊತ್ತಾದಾಗ ಗಂಡ ಅವಳನ್ನು ಹುಚ್ಚಾಸ್ಪತ್ರೆಗೆ ಸೇರಿಸಿದ. ಅವಳು ಬಾಗಿಲು ಬಡಿದು ಹೋಗಲಿಲ್ಲ, ಅವಳನ್ನೇ ಬಾಗಿಲಾಚೆ ಹಾಕಿದರು. ನಾಟಕದ ಕೊನೆಗಿಂತ ಇದು ನನಗೆ ಜಾಸ್ತಿ ನಿಜ ಅನ್ನಿಸುತ್ತದೆ.

ಹೊರಗೆ ಬಂದು ಕಾಫಿ ಕುಡಿಯುವಾಗ ಮಗಳು ಕೇಳಿದಳು. "ಅಮ್ಮಾ, ಮಾವನಿಗೆ ಸಹಿ ಹಾಕಿಕೊಟ್ಟೆಯಲ್ಲ, ಆವತ್ತು ಪತ್ರ ಓದಿದ್ದೆಯಾ?"

ಇಲ್ಲ.

ವಿಶ್ವೇಶ್ವರಯ್ಯ ನಾಲೆ ಬಯಲಿನಲ್ಲಿ ನಮ್ಮದು ಪಿತ್ರಾರ್ಜಿತ ಗದ್ದೆ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೂ ಅದರಲ್ಲಿ ಪಾಲು ಎಂಬ ಕಾನೂನು ಬಂದಿದ್ದು 1994ರಲ್ಲಿ. ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟಿದ್ದರು. ನನ್ನ ಮದುವೆ 1991ರಲ್ಲಿ. ಆಮೇಲೆ 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ತಿದ್ದುಪಡಿ ಬಂತು, ಮದುವೆಯಾದವರು ಆಗದವರು ಎಂಬ ಭೇದ ಹೋಯಿತು. ಇದೆಲ್ಲ ನನಗೆ ಗೊತ್ತಿತ್ತು. ಕೌಂಟರಿನಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಇದ್ದೆ.

ಅಪ್ಪ ಹೋಗಿದ್ದು 2008ರಲ್ಲಿ. ವರ್ಷದ ತಿಥಿ ಮುಗಿದ ಮೇಲೆ ತಮ್ಮ ಫೋನ್ ಮಾಡಿದ. "ಅಕ್ಕಾ, ಸಬ್‌ರಿಜಿಸ್ಟ್ರಾರ್ ಆಫೀಸ್‌ತಕ ಬಂದು ಒಂದ್ ಸಹಿ ಹಾಕ್ಬುಡು." ಅರ್ಧ ದಿನ ರಜೆ ಹಾಕಿ ಹೋದೆ. ಅವ್ವ ಹಸಿರು ರೇಷ್ಮೆ ಸೀರೆ ತಂದಿದ್ದಳು, ಬಟ್ಟೆ ಚೀಲದಲ್ಲಿ, ಜೊತೆಗೆ ಅರಿಶಿನ ಕುಂಕುಮ, ಎರಡು ಬಾಳೆಹಣ್ಣು. ಆಫೀಸಿನ ಬೆಂಚಿನ ಮೇಲೆ ನನ್ನಂಥವರೇ ಇನ್ನೂ ಮೂವರು ಅಕ್ಕಂದಿರು ಕೂತಿದ್ದರು, ಅವರ ತೊಡೆಯ ಮೇಲೂ ಅಂಥದೇ ಚೀಲ. ಪತ್ರ ಬರೆಯುವವನು ಗರಗರ ಓದಿದ. ಫೋಟೊ ತೆಗೆದರು. ಹೆಬ್ಬೆಟ್ಟು ಒತ್ತಿಸಿದರು. ಪತ್ರದ ಹೆಸರು ಹಕ್ಕು ಬಿಡುಗಡೆ ಪತ್ರ. ಬಿಡುಗಡೆ! ಮಧ್ಯಾಹ್ನ ಮೂರಕ್ಕೆ ವಾಪಸ್ ಬಂದು ಬೇರೆಯವರ ಸಹಿ ತಾಳೆ ನೋಡುತ್ತಾ ಕೂತೆ.

ಯಾರೂ ಹೆದರಿಸಲಿಲ್ಲ. ತಮ್ಮ ಒಳ್ಳೆಯವನೇ. ಗೌರಿ ಹಬ್ಬಕ್ಕೆ ಒಂದು ವರ್ಷವೂ ತಪ್ಪಿಸದೆ ಬಾಗಿನ ತರುತ್ತಾನೆ. ನಾನು ಪಾಲು ಕೇಳಿದ್ದರೆ ಆ ಬಾಗಿನ ಬರುತ್ತಿತ್ತಾ? ಅವ್ವ ಫೋನ್ ಎತ್ತುತ್ತಿದ್ದಳಾ? ನೋರಾಗೆ ಬಡಿದು ಹೊರಡಲು ಗಂಡನ ಮನೆಯ ಬಾಗಿಲಾದರೂ ಇತ್ತು. ನಾವು ಹೆದರುವುದು ಇನ್ನೊಂದು ಬಾಗಿಲಿಗೆ, ತವರಿನದಕ್ಕೆ. ಅದನ್ನು ಮುಚ್ಚುವುದು ನಾವಲ್ಲ.

ನಾಟಕದ ಕೊನೆಯಲ್ಲಿ ಕ್ರೋಗ್‌ಸ್ಟಾಡ್ ಪತ್ರವನ್ನು ವಾಪಸ್ ಕಳಿಸುತ್ತಾನೆ. ಹೆಲ್ಮರ್ ಮೊದಲು ಹೇಳುವುದು, ನಾನು ಬಚಾವಾದೆ. ನೋರಾ ಕೇಳುತ್ತಾಳೆ, ನಾನು? ಆ ಹುಡುಗಿ ಅದನ್ನು ಜೋರಾಗಿ ಹೇಳಲಿಲ್ಲ. ಚಿಲ್ಲರೆ ಕೇಳಿದಷ್ಟೇ ಮೆತ್ತಗೆ ಕೇಳಿದಳು. ಇಡೀ ನಾಟಕದಲ್ಲಿ ಅವಳು ಆಡಿದ್ದರಲ್ಲಿ ಅದೇ ಚೆನ್ನಾಗಿತ್ತು. ಹೆಲ್ಮರ್ ಮಾಡಿದವನು ಮಾತ್ರ ಅತಿಯಾಗಿ ಕೂಗಾಡಿದ. ಅಂಥ ಗಂಡಸರು ಕೂಗಾಡುವುದಿಲ್ಲ, ಪ್ರೀತಿಯಿಂದಲೇ ಮಾತಾಡುತ್ತಾರೆ. ಅಳಿಲು, ಬಾನಾಡಿ ಅಂತ ಕರೆಯುತ್ತಾರೆ. ಅಕ್ಕ ಅಂತಲೂ.

ಮಂಡ್ಯಕ್ಕೆ ವಾಪಸ್ ಬಂದು ಸೋಮವಾರ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋದೆ. ಶುಲ್ಕ ಕಟ್ಟಿ ಪತ್ರದ ನಕಲು ತೆಗೆಸಿಕೊಂಡೆ. ತಮ್ಮನಿಗೆ ಹೇಳಿಲ್ಲ. ಕೇಸು ಹಾಕುವ ಯೋಚನೆಯೂ ಇಲ್ಲ. ಸುಮ್ನೆ ಓದಬೇಕು ಅನ್ನಿಸಿತು.

ಅಡುಗೆಮನೆ ಕಟ್ಟೆಯ ಮೇಲಿಟ್ಟು ಕನ್ನಡಕ ಹಾಕಿಕೊಂಡು ಓದಿದೆ. ಯಾರ ಬಲವಂತವೂ ಇಲ್ಲದೆ, ನನ್ನ ಸ್ವಂತ ಖುಷಿಯಿಂದ, ಅರಿಶಿನ ಕುಂಕುಮದ ಬಾಬ್ತು ಪಡೆದುಕೊಂಡು ಬರೆದುಕೊಟ್ಟಿದ್ದೇನೆ ಅಂತ ಇದೆ. ಕೆಳಗೆ ನನ್ನ ಸಹಿ. ಹಳೆಯ ಪಾಸ್‌ಬುಕ್ ತಂದು ಪಕ್ಕದಲ್ಲಿಟ್ಟು ನೋಡಿದೆ. ಅದೇ ಓರೆ, ಕೊನೆಯ ಅಕ್ಷರದಲ್ಲಿ ಅದೇ ಸುಳಿ. ತಾರೀಕು ಸರಿಯಾಗಿದೆ, ರಜೆಯ ದಿನವೂ ಅಲ್ಲ. ಎಲ್ಲಾ ತಾಳೆಯಾಗುತ್ತದೆ. ಕೌಂಟರಿಗೆ ಬಂದಿದ್ದರೆ ನಾನೇ ಪಾಸ್ ಮಾಡುತ್ತಿದ್ದೆ.