‘ಯಾವುದೇ ಅನುಮಾನ ಇರುವುದಿಲ್ಲ’ ಎಂಬ ಸಾಲಿಗೆ ಸಹಿ ಹಾಕುವ ಮುನ್ನ

ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿದ್ದು, ತೋಟದ ದಾರಿಯಲ್ಲಿ ಆನೆ ತುಳಿದದ್ದು, ಮಳೆಗಾಲದಲ್ಲಿ ಹೊಳೆ ಪಾಲಾದದ್ದು, ಆತ್ಮಹತ್ಯೆ. ಕೊಡಗಿನಲ್ಲಿ ಇಂಥ ಸಾವು ಸಂಭವಿಸಿದರೆ ಠಾಣೆಯಲ್ಲಿ ಯುಡಿಆರ್, ಅಂದರೆ ಅಸ್ವಾಭಾವಿಕ ಮರಣ ಪ್ರಕರಣ ದಾಖಲಾಗುತ್ತದೆ. ಇಂಥ ಸಾವಿನ ಕಾರಣ ವಿಚಾರಿಸಲೆಂದೇ ಇಂಗ್ಲೆಂಡಿನಲ್ಲಿ ಕರೋನರ್ ಎಂಬ ಅಧಿಕಾರಿ ಇದ್ದಾರೆ. ಮರಣೋತ್ತರ ಪರೀಕ್ಷೆ ಎಲ್ಲಿ, ಯಾವಾಗ ಎಂದು ಅವರು ಮನೆಯವರಿಗೆ ತಿಳಿಸಬೇಕು; ವಿಚಾರಣೆಯಲ್ಲಿ ಮನೆಯವರು ಸಾಕ್ಷಿಗಳನ್ನು ಪ್ರಶ್ನಿಸಬಹುದು. ನಮ್ಮ ದೇಶದಲ್ಲಿ 1871ರ ಕಾಯ್ದೆಯ ಕರೋನರ್ ದೊಡ್ಡ ನಗರಗಳನ್ನು ದಾಟಿ ಬರಲಿಲ್ಲ, ಮುಂಬೈಯಲ್ಲೂ ಆ ಹುದ್ದೆ 1999ರಲ್ಲಿ ರದ್ದಾಯಿತು. ಇಲ್ಲಿ ಆ ಹೊಣೆ ಪೊಲೀಸರು ಮತ್ತು ದಂಡಾಧಿಕಾರಿಗಳ (ಮ್ಯಾಜಿಸ್ಟ್ರೇಟ್) ಮೇಲಿದೆ. ಸತ್ತವರ ಮನೆಯವರನ್ನು ಕೂರಿಸಿಕೊಂಡು ದಾರಿ ಹೇಳಬೇಕಾದ ಅಧಿಕಾರಿ ಮಾತ್ರ ಯಾರೂ ಇಲ್ಲ.

ಎಲ್ಲಕ್ಕಿಂತ ಮೊದಲ ಕಾಗದ ದೂರು. ಸಂಕಟದಲ್ಲಿರುವವರಿಗೆ ಬರೆಯಲಾಗದು, ಠಾಣೆಯಲ್ಲೋ ಪರಿಚಯದವರೋ ಬರೆದುಕೊಡುತ್ತಾರೆ. ಕೊನೆಯಲ್ಲಿ ರೂಢಿಯಂತೆ ಒಂದು ಸಾಲು ಸೇರಿಕೊಳ್ಳುತ್ತದೆ: ‘ಸಾವಿನ ಬಗ್ಗೆ ಬೇರೆ ಯಾವುದೇ ಅನುಮಾನ ಇರುವುದಿಲ್ಲ.’ ನಿಜವಾಗಿ ಅನುಮಾನ ಇಲ್ಲದಿದ್ದರೆ ಸರಿ. ಏನಾಯಿತೆಂದೇ ಗೊತ್ತಿಲ್ಲದಿದ್ದರೆ ಆ ಸಾಲು ಬೇಡ. ‘ಸಾವಿಗೆ ಕಾರಣ ತಿಳಿದಿಲ್ಲ, ತನಿಖೆ ಮಾಡಿ ತಿಳಿಸಬೇಕು’ ಎಂದು ಬರೆಸಿ. ತಿಂಗಳ ನಂತರ ಬೇರೆ ಸಂಗತಿ ಹೊರಬಂದರೆ, ಇದೇ ಸಾಲನ್ನು ತೋರಿಸಿ ‘ಆವತ್ತು ನೀವೇ ಹೇಳಿದ್ದಿರಲ್ಲ’ ಎನ್ನುತ್ತಾರೆ. ಲೈನ್ ಮನೆಗಳಲ್ಲಿರುವ ಅಸ್ಸಾಂ, ಬಂಗಾಳದ ಕಾರ್ಮಿಕರು ಸತ್ತರೆ ದೂರು ಕೊಡುವವರು ಹೆಚ್ಚಾಗಿ ತೋಟದ ಮಾಲೀಕರು ಅಥವಾ ಕೆಲಸದ ಮೇಲ್ವಿಚಾರಣೆ ನೋಡುವ ರೈಟರ್. ಏಣಿ ಕೊಟ್ಟವರೇ ದೂರುದಾರರಾಗುವುದು ನ್ಯಾಯವಲ್ಲ. ಜೊತೆಗಿದ್ದ ಕೆಲಸದವರ ಹೇಳಿಕೆಯನ್ನು ಅವರ ಭಾಷೆ ಬಲ್ಲವರನ್ನು ಇಟ್ಟುಕೊಂಡು ದಾಖಲಿಸಬೇಕೆಂದು ಊರವರು ಒತ್ತಾಯಿಸಬೇಕು.

ನಂತರ ಶವ ಪಂಚನಾಮೆ. 2024ರ ಜುಲೈ 1ರಿಂದ ಇದು ನಡೆಯುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರ. ಹಿಂದೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 174. ಠಾಣಾಧಿಕಾರಿ ದಂಡಾಧಿಕಾರಿಗೆ ತಿಳಿಸಿ, ಶವ ಇರುವಲ್ಲಿಗೆ ಹೋಗಿ, ನೆರೆಯ ಕನಿಷ್ಠ ಇಬ್ಬರು ಗೌರವಸ್ಥರ ಎದುರು ಗಾಯ, ಮುರಿತ, ತರಚು ಎಲ್ಲವನ್ನೂ ಬರೆದು, ಮೇಲ್ನೋಟಕ್ಕೆ ಕಾಣುವ ಕಾರಣವನ್ನು ದಾಖಲಿಸಬೇಕು. ವರದಿ 24 ಗಂಟೆಯೊಳಗೆ ಜಿಲ್ಲಾ ಅಥವಾ ಉಪವಿಭಾಗೀಯ ದಂಡಾಧಿಕಾರಿಗೆ ಹೋಗಬೇಕು. ಆ 24 ಗಂಟೆಯ ಗಡುವು ಹೊಸ ಕಾನೂನಿನಲ್ಲಿ ಸೇರಿದ್ದು. ತಪ್ಪು ನುಸುಳುವುದು ಇಲ್ಲೇ. ಶವವನ್ನು ಆಗಲೇ ಆಸ್ಪತ್ರೆಗೆ ಸಾಗಿಸಿದ್ದರೆ ಪಂಚನಾಮೆ ಶವಾಗಾರದಲ್ಲಿ ಮುಗಿದುಹೋಗುತ್ತದೆ, ತೋಟದಲ್ಲಿ ಏಣಿ ಎಲ್ಲಿತ್ತು, ತಂತಿ ಎಷ್ಟು ಎತ್ತರದಲ್ಲಿತ್ತು, ಆನೆಯ ಹೆಜ್ಜೆ ಯಾವ ಕಡೆಗಿತ್ತು ಎಂಬುದು ಬರುವುದೇ ಇಲ್ಲ. ಸ್ಥಳ ಮಹಜರು ಬೇರೆಯಾಗಿ ಆಗಬೇಕೆಂದು ಕೇಳಿ. ಅಷ್ಟರೊಳಗೆ ಮಳೆ ಬಂದರೆ ಗುರುತು ಉಳಿಯದು. ಏನನ್ನೂ ಮುಟ್ಟದೆ ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ. ಪಂಚರಾಗಿ ನಿಂತವರು ಖಾಲಿ ಹಾಳೆಗೆ ಸಹಿ ಹಾಕಬಾರದು.

ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಅನುಮಾನಾಸ್ಪದವಾಗಿ ತೀರಿಕೊಂಡರೆ ಮರಣೋತ್ತರ ಪರೀಕ್ಷೆ ಆಗಲೇಬೇಕು, ದಂಡಾಧಿಕಾರಿಯ ವಿಚಾರಣೆಯೂ ಇದೆ. ತವರಿನವರು ಬರುವ ಮುಂಚೆ ಅದು ಮುಗಿಯದಂತೆ ತಾಲ್ಲೂಕು ದಂಡಾಧಿಕಾರಿಯೂ ಆದ ತಹಶೀಲ್ದಾರರಲ್ಲಿ ಕೇಳಿಕೊಳ್ಳಿ. ಪೊಲೀಸ್ ವಶದಲ್ಲಿ ಸಾವಾದರೆ 196ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟ್ ವಿಚಾರಣೆ. ಸಾಧ್ಯವಾದಲ್ಲೆಲ್ಲ ಹತ್ತಿರದ ಬಂಧುಗಳಿಗೆ ತಿಳಿಸಿ ಹಾಜರಿರಲು ಬಿಡಬೇಕು.

ಗಾಯಾಳುವನ್ನು ಮಡಿಕೇರಿಯಿಂದ ಮೈಸೂರಿಗೋ ಮಂಗಳೂರಿಗೋ ಕರೆದೊಯ್ದು ಅಲ್ಲಿ ತೀರಿಕೊಂಡರೆ ಅಲೆದಾಟ ಇಮ್ಮಡಿಸುತ್ತದೆ. ಆಸ್ಪತ್ರೆಯಿಂದ ಅಲ್ಲಿನ ಠಾಣೆಗೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಮಾಹಿತಿ ಹೋಗುತ್ತದೆ, ಘಟನೆ ನಡೆದ ಊರಿನ ಪೊಲೀಸರು ಪಂಚನಾಮೆಗೆ ಅಲ್ಲಿಗೆ ಹೋಗಬೇಕಾಗಬಹುದು. ಮೊದಲೇ ಎರಡೂ ಠಾಣೆಗೆ ಫೋನ್ ಮಾಡಿಸಿದರೆ ಒಂದು ದಿನ ಉಳಿಯುತ್ತದೆ. ಮರಣ ನೋಂದಣಿಯೂ ತೀರಿಕೊಂಡ ಊರಿನಲ್ಲೇ.

2021ರ ನವೆಂಬರ್‌ನಿಂದ ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಮರಣೋತ್ತರ ಪರೀಕ್ಷೆಗೆ ಅವಕಾಶವಿದೆ. ಆದರೆ ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ಶವ, ಅನುಮಾನದ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಬೆಳಕು ಹರಿಯುವವರೆಗೆ ಕಾಯಬೇಕು. ವಿಷದ ಅನುಮಾನವಿದ್ದರೆ ಜಠರ ಮತ್ತು ಅದರಲ್ಲಿರುವುದು, ಸಣ್ಣ ಕರುಳಿನ ಒಂದಷ್ಟು ಭಾಗ, ಸುಮಾರು 500 ಗ್ರಾಂ ಯಕೃತ್ತು, ಎರಡೂ ಮೂತ್ರಪಿಂಡಗಳ ಅರ್ಧರ್ಧ ಭಾಗ, ರಕ್ತ ತೆಗೆದಿಡುತ್ತಾರೆ. ಅಂಗಗಳನ್ನು ಗಾಢ ಉಪ್ಪುನೀರಿನಲ್ಲಿಡಬೇಕು, ಫಾರ್ಮಲಿನ್‌ನಲ್ಲಿ ಇಟ್ಟರೆ ವಿಷ ಪತ್ತೆ ಕಷ್ಟ. ಪ್ರಯೋಗಾಲಯದ ವರದಿ ಬರುವವರೆಗೆ ವೈದ್ಯರು ಅಂತಿಮ ಅಭಿಪ್ರಾಯ ಕಾಯ್ದಿರಿಸುತ್ತಾರೆ. ಬಾಟಲಿಗಳು ಪ್ರಯೋಗಾಲಯಕ್ಕೆ ಹೋಗದೆ ಠಾಣೆಯಲ್ಲೇ ಉಳಿದರೆ ವಿಮೆ, ಪರಿಹಾರ ಎಲ್ಲವೂ ನಿಲ್ಲುತ್ತವೆ. ಯಾವ ದಿನ ಕಳುಹಿಸಿದಿರಿ, ಸ್ವೀಕೃತಿ ಸಂಖ್ಯೆ ಏನು ಎಂದು ಲಿಖಿತವಾಗಿ ಕೇಳಿ. ಸಂಶಯ ಬಗೆಹರಿಯುವ ಮುನ್ನ ಸುಡುವ ಬದಲು ಹೂಳುವುದು ಒಳ್ಳೆಯದು. ತೂಟಂಗಳದಲ್ಲಿ (ಕೊಡವರ ಸ್ಮಶಾನ) ಹಿರಿಯರಿಗೆ ಇದನ್ನು ಹೇಳುವುದು ಕಷ್ಟವೇ, ಆದರೆ ದಂಡಾಧಿಕಾರಿ ಶವ ಹೊರತೆಗೆಸಿ ಪರೀಕ್ಷೆ ಮಾಡಿಸಬಲ್ಲದ್ದು ಹೂಳಿದ್ದರೆ ಮಾತ್ರ.

ಮಾದ (ಕೊಡವರ ತಿಥಿಕರ್ಮ) ಮುಗಿಯಲಿ, ಆಮೇಲೆ ನೋಡೋಣ ಎಂದು ಮರಣ ನೋಂದಣಿ ಮುಂದೂಡಬೇಡಿ. 21 ದಿನದೊಳಗಾದರೆ ಸುಲಭ, 30 ದಿನ ದಾಟಿದರೆ ಅಧಿಕಾರಿಯ ಲಿಖಿತ ಅನುಮತಿ, ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ ಬೇಕು. ಪರಿಹಾರ ತಡವಾಗಲು ದೊಡ್ಡ ಕಾರಣ ಹೆಸರು: ಆಧಾರ್‌ನಲ್ಲಿ ಮನೆಹೆಸರು ಮುಂದೆ, ಪಾಸ್‌ಬುಕ್‌ನಲ್ಲಿ ಬರೀ ಇನಿಷಿಯಲ್, ಪಂಚನಾಮೆಯಲ್ಲಿ ಊರಲ್ಲಿ ಕರೆಯುವ ಹೆಸರು. ಯರವ, ಕುರುಬ ಬುಡಕಟ್ಟುಗಳ ಹಾಡಿಗಳವರಿಗಂತೂ ಇದರಿಂದ ತಿಂಗಳುಗಟ್ಟಲೆ ಓಡಾಟ. ಪಂಚನಾಮೆ ಬರೆಯುವಾಗಲೇ ಆಧಾರ್ ನೋಡಿ ಬರೆಸಿ. ಆನೆ ದಾಳಿಯಾದರೆ ಅರಣ್ಯ ಇಲಾಖೆಗೂ, ವಿದ್ಯುತ್ ಅವಘಡವಾದರೆ ವಿದ್ಯುತ್ ಸರಬರಾಜು ನಿಗಮವಾದ ಸೆಸ್ಕ್ ಮತ್ತು ವಿದ್ಯುತ್ ಪರಿವೀಕ್ಷಕರಿಗೂ ಅದೇ ದಿನ ಬರಹದಲ್ಲಿ ತಿಳಿಸಿ, ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ನಾಡ ಕಚೇರಿಯ ವಂಶವೃಕ್ಷಕ್ಕೂ ಆ ವಾರವೇ ಅರ್ಜಿ ಹಾಕಿ.

ಯುಡಿಆರ್ ತಾನಾಗಿ ಮುಗಿಯುವುದಿಲ್ಲ. ಅಂತಿಮ ವರದಿ ದಂಡಾಧಿಕಾರಿಗೆ ಹೋಗಿದೆಯೇ ಎಂದು ಠಾಣೆಯಲ್ಲಿ ವಿಚಾರಿಸಿ. ಅದರ ಜೊತೆಗೆ ಪಂಚನಾಮೆ, ಮರಣೋತ್ತರ ವರದಿಗಳ ಪ್ರತಿ ಕೇಳಿ ಅರ್ಜಿ ಕೊಡಿ. ಕೊಡದಿದ್ದರೆ ಕಾರಣ ಬರೆದ ಹಿಂಬರಹ ಕೇಳಿ, ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅಂತಿಮ ವರದಿ ಒಪ್ಪಿಗೆಯಾಗದಿದ್ದರೆ ಮಡಿಕೇರಿಯ ಉಪವಿಭಾಗಾಧಿಕಾರಿ ಕಚೇರಿಗೆ ಆಕ್ಷೇಪಣೆ ಸಲ್ಲಿಸಿ, ಯಾವ ಸಾಕ್ಷಿಯ ಹೇಳಿಕೆ ಬಿಟ್ಟುಹೋಗಿದೆ ಎಂದು ಹೆಸರು ಸಮೇತ ಬರೆಯಿರಿ.