ಮೇಷ್ಟ್ರು ಬಿಟ್‌ಕಾಯಿನ್ ಕೇಳಿಕೊಂಡು ಬಂದ ದಿನ

ಹಾಸನದಲ್ಲಿ ಬಿ.ಎಂ. ರೋಡಿಗೆ ಹತ್ತಿರ ನಮ್ಮದೊಂದು ಆನ್‌ಲೈನ್ ಸೆಂಟರ್ ಇದೆ. ಪಹಣಿ, ಜಾತಿ-ಆದಾಯ ಸರ್ಟಿಫಿಕೇಟ್, ಸ್ಕಾಲರ್‌ಶಿಪ್ ಅರ್ಜಿ, ಜೆರಾಕ್ಸ್, ದಿನವೆಲ್ಲಾ ಇದೇ ಕೆಲಸ. ಬಿಟ್‌ಕಾಯಿನ್ ಎಲ್ಲಿ ಸಿಗುತ್ತೆ ಅಂತ ಅಲ್ಲಿಗೆ ಬಂದು ಯಾರೂ ಕೇಳುವುದಿಲ್ಲ. ಆವತ್ತು ಕೇಳಿದವರು, ಹೈಸ್ಕೂಲಿನಲ್ಲಿ ನನಗೆ ಗಣಿತ ಹೇಳಿಕೊಟ್ಟ ಮೇಷ್ಟ್ರು. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದಿದ್ದಾರೆ.

ಜುಲೈ ತಿಂಗಳು. ಹೊರಗೆ ಜಡಿಮಳೆ. ಕಾಲೇಜು ಅಡ್ಮಿಷನ್ ಸಮಯ ಆದ್ದರಿಂದ ಅಂಗಡಿಯಲ್ಲಿ ನಿಲ್ಲಲೂ ಜಾಗ ಇರಲಿಲ್ಲ. ಮೇಷ್ಟ್ರು ಬಂದವರು ಮೂಲೆಯ ಸ್ಟೂಲಿನಲ್ಲಿ ಕೂತರು. "ಏನಾಗಬೇಕಿತ್ತು ಸಾರ್" ಅಂದರೆ "ನೀನು ಕೆಲಸ ಮುಗಿಸಮ್ಮ, ಅರ್ಜೆಂಟ್ ಏನಿಲ್ಲ" ಅಂದರು. ಒಬ್ಬೊಬ್ಬರೇ ಹೋಗುವವರೆಗೂ ಹಾಗೇ ಕೂತಿದ್ದರು. ಕೊನೆಯ ಹುಡುಗ ಛತ್ರಿ ಬಿಚ್ಚಿಕೊಂಡು ಮೆಟ್ಟಿಲು ಇಳಿದ ಮೇಲೆ, ಸರ್ಟಿಫಿಕೇಟಿಗೆ ಏನೇನು ಬೇಕು ಅಂತ ಕೇಳುವ ಹಾಗೆ ಕೇಳಿದರು: "ಈ ಬಿಟ್‌ಕಾಯಿನ್ ಅಂತಾರಲ್ಲಮ್ಮ, ಅದನ್ನ ತಗೊಳ್ಳೋಕೆ ಪಾನ್ ಕಾರ್ಡ್ ಬೇಕಾ?"

ಕೈಯಲ್ಲಿ ಫೋನ್ ಇತ್ತು. ಕೈ ಸ್ವಲ್ಪ ನಡುಗುತ್ತಿತ್ತು.

ವಯಸ್ಸಾದವರು ಇದ್ದಕ್ಕಿದ್ದ ಹಾಗೆ ಬಿಟ್‌ಕಾಯಿನ್ ಕೇಳಿದರೆ ಎರಡರಲ್ಲಿ ಒಂದು ಆಗಿರುತ್ತದೆ. ದುಡ್ಡು ಡಬಲ್ ಮಾಡಿಕೊಡುತ್ತೇವೆ ಅಂತ ಯಾರೋ ಟೆಲಿಗ್ರಾಂ ಗ್ರೂಪಿಗೆ ಸೇರಿಸಿಕೊಂಡಿರುತ್ತಾರೆ, ಇಲ್ಲವೇ ಯಾರೋ ಹೆದರಿಸುತ್ತಿರುತ್ತಾರೆ. ಮೇಷ್ಟ್ರ ಮುಖದಲ್ಲಿ ಆಸೆ ಇರಲಿಲ್ಲ. "ಯಾರಾದ್ರೂ ಮೇಲ್ ಕಳಿಸಿದಾರಾ ಸಾರ್?" ಅಂದೆ. ಅವರು ಬಾಗಿಲ ಕಡೆ ನೋಡಿದರು, ಹೂಂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

"ಫೋನ್ ನನಗೆ ಕೊಡಬೇಡಿ. ಅದರಲ್ಲಿ ಏನಿದೆ ಅಂತ ನಾನೇ ಹೇಳ್ತೀನಿ, ಸರಿಯಾ ನೋಡಿ" ಅಂದು ಶುರು ಮಾಡಿದೆ. ನಾನು ಹ್ಯಾಕರ್, ನಿನ್ನ ಪಾಸ್‌ವರ್ಡ್ ಇದು ಅಂತ ಮೊದಲು ಬರೆದಿರುತ್ತಾನೆ. ನೀನು ನೋಡಬಾರದ ಸೈಟಿಗೆ ಹೋಗಿದ್ದಾಗ ನಿನ್ನ ಯಂತ್ರಕ್ಕೆ ವೈರಸ್ ಹಾಕಿದೆ, ಕ್ಯಾಮೆರಾದಿಂದ ನಿನ್ನ ವೀಡಿಯೋ ತೆಗೆದಿದ್ದೇನೆ, ನಿನ್ನ ಎಲ್ಲಾ ಕಾಂಟ್ಯಾಕ್ಟ್ ನನ್ನ ಹತ್ತಿರ ಇದೆ. 48 ಗಂಟೆಯಲ್ಲಿ ಇಷ್ಟು ಡಾಲರ್ ಬಿಟ್‌ಕಾಯಿನ್ ಕಳಿಸು, ಇಲ್ಲದಿದ್ದರೆ ನೆಂಟರಿಗೆ, ಸ್ನೇಹಿತರಿಗೆ, ಎಲ್ಲರಿಗೂ ವೀಡಿಯೋ ಹೋಗುತ್ತದೆ. ಪೊಲೀಸರ ಹತ್ತಿರ ಹೋಗಬೇಡ, ಯಾರಿಗೂ ಹೇಳಬೇಡ, ಈ ಮೇಲ್ ತೆರೆದದ್ದು ನನಗೆ ಗೊತ್ತಾಗಿದೆ.

ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಿನಗೆ ಹೇಗಮ್ಮ ಗೊತ್ತು?"

ನನಗೂ ಬಂದಿದೆ, ಅದಕ್ಕೇ ಗೊತ್ತು. ಸ್ಪ್ಯಾಮ್‌ನಲ್ಲಿದ್ದ ಮೇಲ್ ಜೀಮೇಲ್‌ನಲ್ಲಿ 30 ದಿನಕ್ಕೆ ತಾನಾಗೇ ಅಳಿಸಿ ಹೋಗುತ್ತದೆ, ಆದರೆ ಯಾರಿಗಾದರೂ ತೋರಿಸಲು ಬೇಕಾಗುತ್ತೆ ಅಂತ ಒಂದನ್ನು ಉಳಿಸಿಕೊಂಡಿದ್ದೆ. ಅದನ್ನು ಕಂಪ್ಯೂಟರಿನಲ್ಲಿ ತೆಗೆದು ಅವರ ಫೋನ್ ಪಕ್ಕದಲ್ಲಿ ಇಟ್ಟುಕೊಳ್ಳಿ ಅಂದೆ. ಅವರು ಬೆರಳಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿದರು. ಪಾಸ್‌ವರ್ಡ್ ಬೇರೆ, ಡಾಲರ್ ಲೆಕ್ಕ ಬೇರೆ. ಉಳಿದದ್ದೆಲ್ಲ ಹೆಚ್ಚುಕಡಿಮೆ ಅದೇ ಮಾತು, ಅದೇ ಇಂಗ್ಲಿಷ್ ತಪ್ಪುಗಳು.

ಅವರು ಅಂಥ ವೀಡಿಯೋ ನೋಡಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ. ಇದನ್ನು ಇಲ್ಲಿ ಒತ್ತಿ ಹೇಳಬೇಕು ಅನಿಸುತ್ತದೆ. ಮನೆಯಲ್ಲಿ ಯಾರಾದರೂ ಇಂಥ ಮೇಲ್ ತಂದು ತೋರಿಸಿದರೆ ದಯವಿಟ್ಟು "ನೀವು ಅಂಥದ್ದು ನೋಡಿದ್ರಾ" ಅಂತ ಕೇಳಬೇಡಿ. ಅದಕ್ಕೂ ಈ ಮೇಲ್‌ಗೂ ಸಂಬಂಧವೇ ಇಲ್ಲ. ನೋಡಿದವರಿಗೂ ಬರುತ್ತದೆ, ನೋಡದವರಿಗೂ ಬರುತ್ತದೆ, ಕ್ಯಾಮೆರಾ ಇಲ್ಲದ ಕಂಪ್ಯೂಟರ್ ಇಟ್ಟುಕೊಂಡವರಿಗೂ ಬರುತ್ತದೆ. ಆ ಒಂದು ಪ್ರಶ್ನೆಗೆ ಹೆದರಿಯೇ ಜನ ಯಾರಿಗೂ ಹೇಳದೆ ದುಡ್ಡು ಕಟ್ಟುತ್ತಾರೆ. ನಮ್ಮಂಥ ಊರಿನಲ್ಲಿ ಇದು ಇನ್ನೂ ಜಾಸ್ತಿ. ಮೇಷ್ಟ್ರು ಬಸ್ ಹತ್ತಿದರೆ ಇವತ್ತಿಗೂ ಯಾರಾದರೂ ಎದ್ದು ಸೀಟು ಬಿಡುತ್ತಾರೆ, ಮದುವೆ ಮನೆಯಲ್ಲಿ ಮುಂದಿನ ಸಾಲಿಗೆ ಕರೆಯುತ್ತಾರೆ, ಬೀದಿಯಲ್ಲಿ ಅರ್ಧ ಜನ ಅವರ ಶಿಷ್ಯರೇ, ಅಂಥವರಿಗೆ ಮಾನ ಹೋಗುತ್ತದೆ ಅಂದರೆ ಇನ್ನೇನು ಉಳಿಯುತ್ತದೆ ಹೇಳಿ. ಮನೆಯಲ್ಲಿ ಹೆಂಡತಿಗೂ ಹೇಳಿರಲಿಲ್ಲ. ಬೆಂಗಳೂರಿನಲ್ಲಿರುವ ಮಗನಿಗಂತೂ ಹೇಳುವ ಮಾತೇ ಇಲ್ಲ. ಎಫ್‌ಡಿ ಮುರಿಸಲು ಬ್ಯಾಂಕಿಗೆ ಹೊರಟಿದ್ದವರು ದಾರಿಯಲ್ಲಿ ನಮ್ಮ ಬೋರ್ಡ್ ನೋಡಿ ನಿಂತಿದ್ದರು.

"ಆದ್ರೆ ಪಾಸ್‌ವರ್ಡ್ ಸರಿ ಇದೆಯಲ್ಲಮ್ಮ" ಅಂದರು. ಈ ಮೇಲ್ ಕೆಲಸ ಮಾಡುವುದೇ ಅದರಿಂದ. ಬಾಕಿ ಎಲ್ಲಾ ಸುಳ್ಳಿನ ನಡುವೆ ಅದೊಂದು ನಿಜ ಇರುತ್ತದೆ, ಅದನ್ನು ನೋಡಿ ಉಳಿದದ್ದನ್ನೂ ನಂಬುತ್ತೇವೆ. ಆ ಪಾಸ್‌ವರ್ಡ್ ಅವರ ಫೋನಿನಿಂದ ಹೋದದ್ದಲ್ಲ. ದೊಡ್ಡ ದೊಡ್ಡ ವೆಬ್‌ಸೈಟ್‌ಗಳಿಂದಲೇ ಕಳುವಾಗುತ್ತದೆ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಕದ್ದ 11 ಕೋಟಿಗೂ ಹೆಚ್ಚು ಖಾತೆಗಳ ವಿವರ 2016ರಲ್ಲಿ ಮಾರಾಟಕ್ಕೆ ಬಂದಿತ್ತು. ಅಡೋಬಿಯಿಂದ 2013ರಲ್ಲಿ ಹೋಯಿತು. ಇಂಥ ಪಟ್ಟಿಗಳು ಕೈಯಿಂದ ಕೈಗೆ ಓಡಾಡಿ ಕೊನೆಗೆ ಇವರಿಗೆ ಸಿಗುತ್ತವೆ. 2018ರ ಜುಲೈ ಹೊತ್ತಿಗೆ ಹಳೇ ಪಾಸ್‌ವರ್ಡ್ ಹಾಕಿದ ಬೆದರಿಕೆ ಮೇಲ್‌ಗಳು ಜಗತ್ತಿನಾದ್ಯಂತ ಒಟ್ಟಿಗೆ ಬರಲು ಶುರುವಾದವು.

ಹ್ಯಾವ್ ಐ ಬೀನ್ ಪೋನ್ಡ್ ಅಂತ ಒಂದು ಸೈಟ್ ಇದೆ. ಆಸ್ಟ್ರೇಲಿಯಾದ ಟ್ರಾಯ್ ಹಂಟ್ ಅನ್ನುವವರು 2013ರಲ್ಲಿ ಶುರು ಮಾಡಿದ್ದು, ಉಚಿತ. ನಮ್ಮ ಮೇಲ್ ಐಡಿ ಹಾಕಿದರೆ ಯಾವ ಯಾವ ಕಳ್ಳತನದಲ್ಲಿ ಅದು ಸಿಕ್ಕಿಹಾಕಿಕೊಂಡಿದೆ ಅಂತ ತೋರಿಸುತ್ತದೆ. ಮೇಷ್ಟ್ರ ಐಡಿ ಹಾಕಿದೆವು. ಎಷ್ಟೋ ವರ್ಷದ ಹಿಂದೆ ಅವರು ಖಾತೆ ತೆರೆದು ಮರೆತೇ ಬಿಟ್ಟಿದ್ದ ಒಂದು ಸೈಟಿನ ಹೆಸರು ಬಂತು. "ಓ, ಇದು ಮಗ ಮಾಡಿಕೊಟ್ಟಿದ್ದು" ಅಂದರು. ಮುಖಕ್ಕೆ ಸ್ವಲ್ಪ ರಕ್ತ ಬಂದ ಹಾಗಾಯಿತು.

ಇನ್ನೊಂದು ಅನುಮಾನ ಉಳಿದಿತ್ತು. ಮೇಲ್ ಬಂದದ್ದು ಅವರದೇ ಐಡಿಯಿಂದ ಅಂತ ತೋರಿಸುತ್ತಿತ್ತು. ಅಂದರೆ ಒಳಗೆ ಹೊಕ್ಕಿದ್ದಾನೆ ಅಂತಲೇ ಅಲ್ವಾ? ಅಲ್ಲ. ಅಂಚೆ ಕವರಿನ ಮೇಲೆ ಕಳಿಸಿದವರ ಹೆಸರು ಅಂತ ಯಾರು ಯಾರ ಹೆಸರು ಬೇಕಾದರೂ ಬರೆಯಬಹುದು, ಇಮೇಲ್‌ನಲ್ಲೂ ಹಾಗೇ. ನನಗೆ ಬಂದ ಮೇಲ್‌ನಲ್ಲೂ ಅದೇ ಆಟ ಆಡಿದ್ದರು. ಕಂಪ್ಯೂಟರಿನಲ್ಲಿ ಮೇಲ್ ತೆರೆದು ಬಲಗಡೆಯ ಮೂರು ಚುಕ್ಕೆ ಒತ್ತಿ 'ಶೋ ಒರಿಜಿನಲ್' ಕೊಟ್ಟೆ. ಕಳಿಸಿದವರ ವಿಳಾಸ ಅಸಲಿಯೇ ಅಂತ ನೋಡುವ ಡಿಮಾರ್ಕ್ ಅನ್ನುವ ಪರೀಕ್ಷೆಯ ಮುಂದೆ ಫೇಲ್ ಅಂತ ಇತ್ತು. ಅಂದರೆ ನಮ್ಮ ಹೆಸರು ಹಾಕಿಕೊಂಡು ಬೇರೆಲ್ಲಿಂದಲೋ ಬಂದದ್ದು. ಜೀಮೇಲ್‌ಗೂ ಅದು ಗೊತ್ತಾಗಿ ಸ್ಪ್ಯಾಮ್‌ಗೆ ಹಾಕಿತ್ತು. ಮೇಷ್ಟ್ರು ಸ್ಪ್ಯಾಮ್ ತೆರೆದು ನೋಡಿದ್ದು, ಹಿಂದೆ ಪೆನ್ಷನ್ ವಿಷಯದ ಒಂದು ಮೇಲ್ ಅಲ್ಲಿ ಹೋಗಿ ಬಿದ್ದಿತ್ತು ಅಂತ.

ಅವರಿಗೆ ಪೂರ್ತಿ ಧೈರ್ಯ ಬಂದದ್ದು ಮಾತ್ರ ಇದ್ಯಾವುದರಿಂದಲೂ ಅಲ್ಲ. ಮೇಲ್‌ನ ಕೊನೆಯಲ್ಲಿ ದುಡ್ಡು ಹಾಕಲು ಒಂದು ಉದ್ದದ ಬಿಟ್‌ಕಾಯಿನ್ ವಿಳಾಸ ಇರುತ್ತದೆ, 1 ಅಥವಾ 3 ಅಥವಾ ಬಿಸಿ1 ಅಂತ ಶುರುವಾಗುತ್ತದೆ. ಬಿಟ್‌ಕಾಯಿನ್ ಲೆಕ್ಕದ ಪುಸ್ತಕ ಯಾರು ಬೇಕಾದರೂ ನೋಡಬಹುದಾದದ್ದು. ಯಾವ ವಿಳಾಸಕ್ಕೆ ಯಾವಾಗ ಎಷ್ಟು ಬಂತು ಅಂತ ಕಾಣುತ್ತದೆ, ಯಾರು ಅಂತ ಮಾತ್ರ ಕಾಣುವುದಿಲ್ಲ. ಇಂಥ ವಿಳಾಸಗಳ ಬಗ್ಗೆ ಜನ ದೂರು ಬರೆದಿಡುವ ಚೈನ್‌ಅಬ್ಯೂಸ್ ಅಂತ ಒಂದು ಸೈಟೂ ಇದೆ. ಅವರ ಮೇಲ್‌ನಲ್ಲಿದ್ದ ವಿಳಾಸವನ್ನು ಅಲ್ಲಿ ಹುಡುಕಿದೆ. ಬೇರೆ ಬೇರೆ ದೇಶದವರು ಅದೇ ವಿಳಾಸ, ಅದೇ ಬೆದರಿಕೆ ಅಂತ ಬರೆದಿದ್ದರು.

ಮೇಷ್ಟ್ರು ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ, ಬೋರ್ಡಿನ ಮುಂದೆ ನಿಂತಾಗ ಮಾತಾಡುತ್ತಿದ್ದ ದನಿಯಲ್ಲೇ ಕೇಳಿದರು: "ಇಷ್ಟು ಜನಕ್ಕೂ ಒಂದೇ ವಿಳಾಸ ಕೊಟ್ಟಿದಾನೆ. ದುಡ್ಡು ಹಾಕಿದೋನ ಹೆಸರು ಅಲ್ಲಿ ಕಾಣಲ್ಲ. ಹಾಗಾದ್ರೆ ನಾನು ಕೊಟ್ಟೆನೋ ಇನ್ಯಾರೋ ಕೊಟ್ಟರೋ ಅವನಿಗೆ ಹೇಗಮ್ಮ ಗೊತ್ತಾಗುತ್ತೆ?"

ಗೊತ್ತಾಗುವುದಿಲ್ಲ ಸಾರ್, ಅಂದೆ. ಅವನಿಗೆ ಬೇಕಾಗಿಯೂ ಇಲ್ಲ. ನಿಮ್ಮ ವೀಡಿಯೋ ಅವನ ಹತ್ತಿರ ಇದ್ದಿದ್ದರೆ ಯಾರು ಕೊಟ್ಟರು, ಯಾರದ್ದನ್ನು ಅಳಿಸಬೇಕು ಅಂತ ಲೆಕ್ಕ ಇಡಲೇಬೇಕಿತ್ತು.

"ಸರಿ ಹಾಗಾದ್ರೆ" ಅಂದರು. ಕೈ ನಡುಗುವುದು ನಿಂತಿತ್ತು.

ಆಮೇಲೆ ಟೀ ತರಿಸಿ ಕುಡಿಯುತ್ತಾ ಇವರು ಎಷ್ಟು ಜನಕ್ಕೆ ಕಳಿಸುತ್ತಾರೆ ಅನ್ನುವುದನ್ನು ಹೇಳಿದೆ. 2019ರಲ್ಲಿ ಚೆಕ್ ಪಾಯಿಂಟ್ ಅನ್ನುವ ಇಸ್ರೇಲಿನ ಸೈಬರ್ ಭದ್ರತಾ ಸಂಸ್ಥೆ ಫೋರ್ಪಿಯೆಕ್ಸ್ ಎಂಬ ಒಂದು ಜಾಲದ ಬೆನ್ನು ಹತ್ತಿತ್ತು. ವೈರಸ್ ತಗುಲಿದ ಬೇರೆಯವರ ಕಂಪ್ಯೂಟರ್‌ಗಳಿಂದಲೇ ಗಂಟೆಗೆ 30,000 ಬೆದರಿಕೆ ಮೇಲ್ ಹೋಗುತ್ತಿತ್ತು. ಒಂದು ಸಲದ ಅಭಿಯಾನದಲ್ಲಿ 2.7 ಕೋಟಿ ಜನರವರೆಗೆ ತಲುಪಬಹುದಿತ್ತು. ಐದು ತಿಂಗಳಲ್ಲಿ ಆ ವಿಳಾಸಗಳಿಗೆ ಸುಮಾರು 14 ಬಿಟ್‌ಕಾಯಿನ್ ಬಂದಿತ್ತು, ಆಗಿನ ಬೆಲೆಯಲ್ಲಿ 1,10,000 ಡಾಲರ್‌ಗೂ ಹೆಚ್ಚು. ಕೋಟಿಗಟ್ಟಲೆ ಜನರಲ್ಲಿ ಕೊಟ್ಟವರು ಬಹಳ ಕಡಿಮೆ ಅಂತ ಇದರಿಂದ ತಿಳಿಯುತ್ತದೆ. ಆದರೆ ಆ ಕೊಟ್ಟವರು ಮೇಷ್ಟ್ರಂಥವರೇ ಅಲ್ವಾ, ಒಬ್ಬರೇ ಕೂತು ಹೆದರಿದವರು. ಮೇಷ್ಟ್ರೂ ಅದನ್ನೇ ಹೇಳಿದರು, "ಪಾಪ, ಯಾರ ಮನೆ ದುಡ್ಡೋ."

ನನಗೆ ನಿಜವಾಗಿ ಭಯ ಆದದ್ದು ಇದಾದ ಮೇಲೆ. ಆ ಹಳೇ ಪಾಸ್‌ವರ್ಡ್ ಈಗಲೂ ಎಲ್ಲಾದರೂ ಇದೆಯಾ ಅಂತ ಕೇಳಿದೆ. ಜೀಮೇಲ್‌ಗೂ ಅದೇ ಇತ್ತು! ಊರಿನ ಹೆಸರು, ಕೆಲಸಕ್ಕೆ ಸೇರಿದ ವರ್ಷ, ಎಲ್ಲಾ ಕಡೆ ಅದೇ. ಇಲ್ಲದ ವೀಡಿಯೋಗೆ ಹೆದರುವುದಕ್ಕಿಂತ ಇದಕ್ಕೆ ಹೆದರಬೇಕು. ಆ ಪಟ್ಟಿ ಇರುವವನು ಇನ್ನೂ ಒಳಗೆ ಬಂದಿಲ್ಲ ಅನ್ನುವುದೇ ಪುಣ್ಯ. ಬಂದಿದ್ದರೆ ಬ್ಯಾಂಕು, ಫೋಟೋ, ಎಲ್ಲದರ ಬಾಗಿಲೂ ಆ ಒಂದು ಮೇಲ್‌ನಿಂದಲೇ ತೆರೆಯುತ್ತಿತ್ತು. ಅವರ ಫೋನಿನಲ್ಲೇ, ಅವರ ಕೈಯಿಂದಲೇ ಪಾಸ್‌ವರ್ಡ್ ಬದಲಿಸಿದೆವು. ಪಾಸ್‌ವರ್ಡ್ ಒಂದೇ ಸಾಲದೆ ಇನ್ನೊಂದು ಖಾತ್ರಿಯನ್ನೂ ಕೇಳುವ ಟೂ ಸ್ಟೆಪ್ ವೆರಿಫಿಕೇಶನ್ ಹಾಕಿದೆವು. ಗೂಗಲ್ ಖಾತೆಯ ಸೆಕ್ಯುರಿಟಿಯಲ್ಲಿ 'ಯುವರ್ ಡಿವೈಸಸ್' ತೆರೆದು, ಅವರದಲ್ಲದ ಫೋನು, ಕಂಪ್ಯೂಟರ್ ಏನಾದರೂ ಇದೆಯಾ ನೋಡಿದೆವು. ಇರಲಿಲ್ಲ. ಬ್ಯಾಂಕಿಗೆ ಬೇರೆ, ಮೇಲ್‌ಗೆ ಬೇರೆ. ನೆನಪಿಗೆ ಮನೆಯ ಬೀರುವಿನಲ್ಲಿರುವ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೂ ಪರವಾಗಿಲ್ಲ ಅಂದೆ, ಎಲ್ಲದಕ್ಕೂ ಒಂದೇ ಇಡುವುದಕ್ಕಿಂತ ಅದು ಎಷ್ಟೋ ವಾಸಿ.

ಮೇಲ್‌ಗೆ ಉತ್ತರ ಕೊಡಬೇಡಿ, ಅದರಲ್ಲಿರುವ ಲಿಂಕು, ಕ್ಯೂಆರ್ ಕೋಡ್ ಮುಟ್ಟಬೇಡಿ ಅಂತ ಹೇಳಿ, ಸ್ಕ್ರೀನ್‌ಶಾಟ್ ತೆಗೆದಿಟ್ಟು ಫಿಶಿಂಗ್ ಅಂತ ರಿಪೋರ್ಟ್ ಮಾಡಿಸಿದೆ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಹಾಕಿದೆವು. ಸ್ಟೇಷನ್ನಿಗೆ ಹೋಗಲು ಅವರಿಗೆ ಮನಸ್ಸಿರಲಿಲ್ಲ, ಮನೆಯಿಂದಲೇ ಹಾಕಬಹುದು ಅಂತ ಗೊತ್ತಾಗಿ ಸಮಾಧಾನ ಆಯಿತು. ಹೋಗುವುದಾದರೆ ಜಿಲ್ಲಾ ಕೇಂದ್ರದಲ್ಲಿ ಸೆನ್ ಪೊಲೀಸ್ ಠಾಣೆ ಇದೆ, ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳಿಗೆಂದೇ ಇರುವುದು. ಹೆದರಿಸಿ ದುಡ್ಡು ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ ಪ್ರಕಾರ ಅಪರಾಧ. ತಪ್ಪು ಅವನದು, ಮೇಲ್ ಬಂದವರದ್ದಲ್ಲ.

ಯಾರಾದರೂ ಆಗಲೇ ದುಡ್ಡು ಕಳಿಸಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬಿಟ್‌ಕಾಯಿನ್ ಒಮ್ಮೆ ಹೋದರೆ ಬ್ಯಾಂಕಿನ ಹಾಗೆ ವಾಪಸ್ ತರಿಸಲು ಆಗುವುದಿಲ್ಲ. ಆದರೂ ವಿಳಾಸ, ಟ್ರಾನ್ಸಾಕ್ಷನ್ ಐಡಿ, ಬ್ಯಾಂಕಿನಿಂದ ಹಣ ಹೋದ ವಿವರ ಎಲ್ಲ ಇಟ್ಟುಕೊಂಡು ಹೇಳಿ. ಎರಡನೇ ಸಲ ಮಾತ್ರ ಕೊಡಬೇಡಿ, ಕೊಟ್ಟವರನ್ನೇ ಅವರು ಮತ್ತೆ ಕೇಳುತ್ತಾರೆ. ನಿಮ್ಮ ಬಿಟ್‌ಕಾಯಿನ್ ವಾಪಸ್ ಕೊಡಿಸುತ್ತೇವೆ, ಮೊದಲು ಫೀಸ್ ಕಟ್ಟಿ ಅನ್ನುವವರೂ ಮೋಸದವರೇ.

ಮೇಲ್ ಬಂತು ಅಂದ ಕೂಡಲೇ ಎಲ್ಲವೂ ಸುಳ್ಳು ಅಂತ ನಾನು ಹೇಳುತ್ತಿಲ್ಲ. ವಾಟ್ಸಾಪ್ ವೀಡಿಯೋ ಕಾಲ್ ಮಾಡಿ ರೆಕಾರ್ಡ್ ಮಾಡಿಕೊಂಡು ಹೆದರಿಸುವವರು ಬೇರೆ, ಅವರ ಹತ್ತಿರ ನಿಜವಾಗಿ ಏನೋ ಇರುತ್ತದೆ. ನಿಮ್ಮದೇ ಫೋಟೋ ಕಳಿಸಿ ತೋರಿಸಿದರೆ, ಪರಿಚಯದವರೇ ಮಾಡುತ್ತಿದ್ದಾರೆ ಅನಿಸಿದರೆ ಪೊಲೀಸರ ಹತ್ತಿರ ಹೋಗಲೇಬೇಕು. ಆಗಲೂ ದುಡ್ಡು ಕೊಡಬಾರದು. ಖಾಸಗಿ ಫೋಟೋ, ವೀಡಿಯೋ ಹರಡದಂತೆ ತಡೆಯಲು 18 ದಾಟಿದವರಿಗೆ ಸ್ಟಾಪ್ ಎನ್‌ಸಿಐಐ, ಚಿಕ್ಕವರಿಗೆ ಟೇಕ್ ಇಟ್ ಡೌನ್ ಅಂತ ಉಚಿತ ಸೇವೆಗಳಿವೆ, ಫೋಟೋವನ್ನು ಅವರಿಗೆ ಕಳಿಸಬೇಕಾಗಿಯೂ ಇಲ್ಲ. ಪಿಜಿ, ಹಾಸ್ಟೆಲ್‌ಗಳಲ್ಲಿರುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ. ಹೆದರಿಕೆಯಲ್ಲಿ ಜೀವವೇ ಬೇಡ ಅನಿಸುವಷ್ಟು ಕುಗ್ಗಿದವರಿಗೆ 14416, ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು.

ಮೇಲ್‌ಗಳ ವೇಷ ಬದಲಾಗುತ್ತಲೇ ಇರುತ್ತದೆ. ನಿನ್ನ ಫೋನಿಗೆ ಪೆಗಾಸಸ್ ಅನ್ನುವ ಗೂಢಚಾರಿ ಸಾಫ್ಟ್‌ವೇರ್ ಹಾಕಿದ್ದೇನೆ ಅಂತ ಬರೆಯುತ್ತಾರೆ. 2024ರಲ್ಲಿ ಅಮೆರಿಕದ ಜನರಿಗೆ ಅವರವರ ಮನೆಯ ಮುಂದಿನ ಚಿತ್ರ ಸೇರಿಸಿ ಕಳಿಸಿದ್ದರು. ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ಯಾರಿಗೆ ಬೇಕಾದರೂ ಸಿಗುವಂಥ ಚಿತ್ರ ಅದು.

ನಮ್ಮಂಥ ಸೆಂಟರ್ ನಡೆಸುವವರಿಗೂ ಒಂದು ಮಾತು. ಅರ್ಜಿಗೆ ಅಂತ ಬಂದ ರೈತರಿಗೆ, ಅಜ್ಜಿಯರಿಗೆ ನಾವೇ ಮೇಲ್ ಐಡಿ ಮಾಡಿಕೊಡುತ್ತೇವೆ. ತುಂಬಾ ಕಡೆ ಎಲ್ಲರಿಗೂ ಒಂದೇ ಥರದ ಪಾಸ್‌ವರ್ಡ್ ಇಟ್ಟು, ಅಂಗಡಿ ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದಿಡುವುದನ್ನು ನೋಡಿದ್ದೇನೆ. ಅದನ್ನು ಬಿಡಬೇಕು. ಫೋನನ್ನು ಅವರ ಕೈಗೇ ಕೊಟ್ಟು, ನಾವು ಮುಖ ಆ ಕಡೆ ತಿರುಗಿಸಿಕೊಂಡು, ಅವರಿಗೆ ನೆನಪಿರುವಂಥದ್ದನ್ನು ಅವರೇ ಒತ್ತುವ ಹಾಗೆ ಮಾಡಬೇಕು. ಸಮಯ ಹಿಡಿಯುತ್ತದೆ, ಕ್ಯೂನಲ್ಲಿ ನಿಂತವರು ಗೊಣಗುತ್ತಾರೆ. ನಮ್ಮಲ್ಲಿ ಹಾಗೇ ಮಾಡುತ್ತಿದ್ದೇವೆ, ಗೊಣಗಿದವರೂ ತಮ್ಮ ಸರದಿ ಬಂದಾಗ ನಿಧಾನವಾಗಿ ಒತ್ತಿಕೊಂಡು ಹೋಗುತ್ತಾರೆ.